ಬಾಲ್ಯದ ಆಘಾತಕ್ಕೂ ದೊಡ್ಡವರಾದ ಮೇಲೆ ಬರುವ ಹೃದಯ ಕಾಯಿಲೆಗೂ ಸಂಬಂಧವಿದೆಯೇ?

“ಚಿಕ್ಕ ಮಕ್ಕಳಿಗೆ ಏನು ಗೊತ್ತಾಗುತ್ತೆ? ದೊಡ್ಡವರಾದ ಮೇಲೆ ಎಲ್ಲ ಮರೆತುಬಿಡ್ತಾರೆ” ಎಂಬ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಆದರೆ ಬಾಲ್ಯದಲ್ಲಿ ತಿಂದ ಏಟು, ಕಂಡ ಹಿಂಸೆ, ಅನುಭವಿಸಿದ ನಿರ್ಲಕ್ಷ್ಯಕ್ಕೂ ದಶಕಗಳ ನಂತರ ಬರುವ ಹೃದಯ ಕಾಯಿಲೆಗೂ ನಂಟಿದೆ ಎಂದು ಸಂಶೋಧನೆಗಳು ತೋರಿಸಿವೆ.

ಬೊಜ್ಜಿನ ಕ್ಲಿನಿಕ್‌ನಿಂದ ಶುರುವಾದ ಹುಡುಕಾಟ

1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ಬೊಜ್ಜು ಕರಗಿಸುವ ಚಿಕಿತ್ಸೆ ನೀಡುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಿದ್ದರು. ಕಾರಣ ಕೇಳುತ್ತಾ ಹೋದಾಗ, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು ಎಂದು ತಿಳಿಯಿತು.

ನಂತರ ಅವರು ಸಿಡಿಸಿ ಸಂಸ್ಥೆಯ ರಾಬರ್ಟ್ ಆಂಡಾ ಜೊತೆಗೂಡಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರ ಮಾಹಿತಿ ಸಂಗ್ರಹಿಸಿದರು. ಹೊಡೆತ, ಅವಮಾನ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ, ತಾಯಿಯ ಮೇಲೆ ಹಿಂಸೆ, ಮನೆಯವರ ಕುಡಿತದ ಚಟ ಹೀಗೆ ಒಟ್ಟು ಹತ್ತು ಬಗೆಯ ಅನುಭವಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. 2004ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇಂತಹ ಯಾವ ಅನುಭವವೂ ಇಲ್ಲದವರಿಗೆ ಹೋಲಿಸಿದರೆ ಏಳು ಅಥವಾ ಹೆಚ್ಚು ಬಗೆಯ ಅನುಭವ ಇದ್ದವರಲ್ಲಿ ಹೃದಯ ಕಾಯಿಲೆಯ ಸಾಧ್ಯತೆಯ ಅನುಪಾತ 3.6 ಪಟ್ಟು ಇತ್ತು.

ಹೃದಯಕ್ಕೆ ತಲುಪುವ ದಾರಿ ಯಾವುದು?

ಒಂದು ದಾರಿ ಅಭ್ಯಾಸಗಳದ್ದು. ನೋವು ಮರೆಯಲು ಸಿಗರೇಟು, ಮದ್ಯ ಅಥವಾ ಅತಿಯಾದ ಊಟದ ಮೊರೆ ಹೋಗುವವರಿದ್ದಾರೆ. ಇವೆಲ್ಲವೂ ಹೃದಯಕ್ಕೆ ಕೆಟ್ಟದ್ದು.

ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ 2004ರ ವಿಶ್ಲೇಷಣೆಯಲ್ಲಿ ಸಿಗರೇಟು, ಬೊಜ್ಜಿನಂತಹ ಕಾರಣಗಳಿಗಿಂತ ಖಿನ್ನತೆ ಮತ್ತು ಕೋಪದ ಪಾತ್ರವೇ ಹೆಚ್ಚಾಗಿ ಕಂಡಿತು. ಅಪಾಯ ಎದುರಾದಾಗ ದೇಹ ಅಡ್ರಿನಲಿನ್, ಕಾರ್ಟಿಸೋಲ್ ಹಾರ್ಮೋನುಗಳನ್ನು ಬಿಡುಗಡೆ ಮಾಡುತ್ತದೆ. ಎದೆಬಡಿತ, ರಕ್ತದೊತ್ತಡ ಏರುತ್ತದೆ. ಅಪಾಯ ಕಳೆದ ಮೇಲೆ ಇದು ತಣ್ಣಗಾಗಬೇಕು. ಮನೆಯಲ್ಲೇ ದಿನವೂ ಭಯವಿದ್ದರೆ ಮಗುವಿನ ದೇಹಕ್ಕೆ ಆ ಬಿಡುವು ಸಿಗುವುದಿಲ್ಲ. ದೀರ್ಘಕಾಲದ ಒತ್ತಡ ದೇಹದಲ್ಲಿ ಉರಿಯೂತವನ್ನು ಹೆಚ್ಚಿಸಬಹುದು. ರಕ್ತನಾಳಗಳ ಒಳಗೆ ಕೊಬ್ಬು ಕಟ್ಟಿಕೊಳ್ಳುವುದರಲ್ಲಿ ಉರಿಯೂತಕ್ಕೂ ಪಾತ್ರವಿದೆ.

ಕಾಯಿಲೆ ಬಂದವರು ಹಳೆಯ ನೋವನ್ನು ಹೆಚ್ಚಾಗಿ ನೆನೆಯುತ್ತಾರಷ್ಟೇ ಎಂಬ ಅನುಮಾನ ಸಹಜ. ಇದಕ್ಕೆ ನ್ಯೂಜಿಲೆಂಡ್‌ನ ಡ್ಯುನೆಡಿನ್ ಅಧ್ಯಯನ ಉತ್ತರ ಕೊಡುತ್ತದೆ. ಅಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು 1,000 ಮಕ್ಕಳನ್ನು ಬಾಲ್ಯದಿಂದಲೇ ಗಮನಿಸುತ್ತಾ ಬರಲಾಯಿತು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರ ರಕ್ತದಲ್ಲಿ 32ನೇ ವಯಸ್ಸಿನಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಪ್ರೋಟೀನ್ ಹೆಚ್ಚಾಗಿರುವ ಸಾಧ್ಯತೆ ಅಧಿಕವಾಗಿತ್ತು.

ಹಾಗಾದರೆ ಇದು ಹಣೆಬರಹವೇ?

ಅಲ್ಲ. ಇದು ಸಾಧ್ಯತೆಯ ಲೆಕ್ಕ. ಕಷ್ಟದ ಬಾಲ್ಯ ಕಂಡವರಿಗೆಲ್ಲ ಹೃದಯ ಕಾಯಿಲೆ ಬರುವುದಿಲ್ಲ; ಸುಖವಾಗಿ ಬೆಳೆದವರಿಗೆ ಬರುವುದೇ ಇಲ್ಲ ಎಂದೂ ಅಲ್ಲ. ಇಂಟರ್ನೆಟ್‌ನಲ್ಲಿ ಹರಿದಾಡುವ ‘ಬಾಲ್ಯದ ಆಘಾತದ ಸ್ಕೋರ್’ ನೋಡಿ ಭವಿಷ್ಯ ನಿರ್ಧರಿಸಬೇಡಿ. ಒಬ್ಬ ವ್ಯಕ್ತಿಯ ಅಪಾಯ ಅಳೆಯಲು ಆ ಸ್ಕೋರ್ ಸೂಕ್ತವಲ್ಲ ಎಂದು 2020ರಲ್ಲಿ ಸ್ವತಃ ಆಂಡಾ ಮತ್ತು ಸಹೋದ್ಯೋಗಿಗಳೇ ಎಚ್ಚರಿಸಿದ್ದಾರೆ.

ಏನು ಮಾಡಬಹುದು?

ಬಾಲ್ಯವನ್ನು ಬದಲಿಸಲಾಗದು, ಆದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಬಹುದು. ಸಿಗರೇಟು ಬಿಟ್ಟರೆ ಇವರ ಹೃದಯಕ್ಕೂ ಲಾಭವೇ. ಖಿನ್ನತೆ, ನಿದ್ರಾಹೀನತೆ ಇದ್ದರೆ ಅದಕ್ಕೂ ಚಿಕಿತ್ಸೆ ಪಡೆಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಎದೆನೋವು ಬಂದಾಗ ಮಾತ್ರ “ಎಲ್ಲ ಟೆನ್ಷನ್” ಎಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಸಿಗರೇಟು ಬಿಡಲಾಗದವರನ್ನು, ತೂಕ ಇಳಿಸಲಾಗದವರನ್ನು “ಮನಸ್ಸು ಗಟ್ಟಿ ಇಲ್ಲ” ಎಂದು ಬೈಯುವ ಮುನ್ನ ಫೆಲಿಟ್ಟಿಯವರ ರೋಗಿಗಳನ್ನು ನೆನಪಿಸಿಕೊಳ್ಳಿ. ಮಗುವೊಂದು ಹಿಂಸೆ ಅನುಭವಿಸುತ್ತಿರುವುದು ಕಂಡರೆ 1098ಕ್ಕೆ ಕರೆ ಮಾಡಿ. ಇಂದು ಆ ಹಿಂಸೆ ನಿಂತರೆ, ಮುಂದೊಂದು ದಿನ ಆ ಹೃದಯಕ್ಕೆ ಬರಬಹುದಾದ ಅಪಾಯವೂ ಕಡಿಮೆಯಾಗಬಹುದು.