ಕವಚ ಕಳೆದುಕೊಂಡ ಗಡಿಯಾರ



ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಉದ್ಯೋಗದಲ್ಲಿರುವನು. ಕೆಲವು ತಿಂಗಳ ಹಿಂದೆ ಅವನಿಂದ ಒಂದು ಪತ್ರ ಬಂದಿತು. ಅವನ ನೆರೆಮನೆಯ ವೃದ್ಧೆಯೊಬ್ಬರು ಹತ್ತಿಯಲ್ಲಿ ಸುತ್ತಿಟ್ಟಿದ್ದ ಹಳೆಯ ಜೇಬುಗಡಿಯಾರದ ಒಳಯಂತ್ರವೊಂದನ್ನು ಇವನ ಕೈಯಲ್ಲಿಟ್ಟು, "ಅಂತರ್ಯುದ್ಧದಲ್ಲಿ ನನ್ನ ಮುತ್ತಜ್ಜನ ಜೇಬಿನಲ್ಲಿದ್ದುದು ಇದೇ. ಇದರ ಚರಿತ್ರೆಯನ್ನು ಬರೆದುಕೊಡು, ಮೊಮ್ಮಗನಿಗೆ ಗಡಿಯಾರದ ಜೊತೆಯಲ್ಲಿಯೇ ಕೊಡಬೇಕು" ಎಂದರಂತೆ. ಬೆಳ್ಳಿಯ ಕವಚವನ್ನು ಮನೆಯವರು ಹಿಂದೊಮ್ಮೆ ಕಷ್ಟಕಾಲದಲ್ಲಿ ಮಾರಿದ್ದರು, ಅದು ಕರಗಿಹೋಯಿತು. ಕವಚದ ಮೇಲಿದ್ದ ಸಂಖ್ಯೆಯನ್ನು ಮಾತ್ರ ಯಾರೋ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರು. "ಗುರುಗಳೇ, ತಾವು ಓಲೆಗರಿಯ ಗ್ರಂಥಗಳ ಕಾಲವನ್ನು ನಿರ್ಣಯಿಸುತ್ತಿದ್ದಿರಿ. ಗಡಿಯಾರದ ಕಾಲವನ್ನು ನಿರ್ಣಯಿಸುವ ಬಗೆ ಹೇಗೆ?" ಎಂಬುದು ಶಿಷ್ಯನ ಪ್ರಶ್ನೆ.

ಹಳೆಯ ಗಡಿಯಾರಗಳ ಹುಚ್ಚು ನನಗೂ ಸ್ವಲ್ಪ ಉಂಟು. ನಮ್ಮ ತಾರ್ಕಿಕರು ಹೇಳುವ ಪ್ರತ್ಯಕ್ಷ, ಅನುಮಾನ, ಶಬ್ದಗಳೆಂಬ ಪ್ರಮಾಣಗಳೇ ಇಲ್ಲಿಯೂ ಸಾಕೆಂದು ಅವನಿಗೆ ಬರೆದೆನು.

ಮೊದಲನೆಯದು ಪ್ರತ್ಯಕ್ಷ. ಈ ಯಂತ್ರಕ್ಕೆ ತಲೆಯ ಮೇಲೆ ತಿರುಗಿಸುವ ಗುಂಡಿಯಿಲ್ಲ. ಹಿಂಭಾಗದಲ್ಲಿ ಚಚ್ಚೌಕವಾದ ಒಂದು ಸಣ್ಣ ಮೊಳೆಯಿದೆ. ಪುಟ್ಟ ಚಾವಿಯನ್ನು ಅದಕ್ಕೆ ತೊಡಿಸಿ ಕೀಲಿ ಕೊಡಬೇಕು. ಮುಳ್ಳುಗಳನ್ನು ತಿರುಗಿಸುವುದಕ್ಕೂ ಮುಂಭಾಗದ ನಡುವೆ ಅಂತಹುದೇ ಮೊಳೆ. ಎರಡು ದುಂಡನೆಯ ಫಲಕಗಳು. ಅವುಗಳ ನಡುವೆ ಕಂಬಗಳು. ಮೇಲಿನ ಫಲಕದ ಹೊರಗಡೆ ಅತ್ತಿತ್ತ ಆಡುವ ತೂಗುಚಕ್ರ. ಇನ್ನು ಅಳತೆ. ಅಮೆರಿಕದ ಗಡಿಯಾರಗಳಲ್ಲಿ ಮುಖದ ಕಡೆಯ ಫಲಕದ ಅಡ್ಡಳತೆ ಒಂದು ಅಂಗುಲ ಮತ್ತು ಅಂಗುಲದ 30ರಲ್ಲಿ 5 ಭಾಗವಿದ್ದರೆ ಅದು 0 ಅಳತೆ. ಆಮೇಲೆ ಅಂಗುಲದ 30ರಲ್ಲಿ ಒಂದೊಂದು ಭಾಗ ಹೆಚ್ಚಿದಂತೆ ಒಂದೊಂದು ಅಳತೆ ಏರುವುದು. ಶಿಷ್ಯನ ಕೈಯಲ್ಲಿದ್ದುದು ಸುಮಾರು 45 ಮಿಲಿಮೀಟರು. ಎಂದರೆ 18ನೆಯ ಅಳತೆ.

ಎರಡನೆಯದು ಅನುಮಾನ. ಆ ಕಾಲದ ಇಂಗ್ಲಿಷ್ ಗಡಿಯಾರಗಳೊಳಗೆ ಸಾಮಾನ್ಯವಾಗಿ ಶಂಖಾಕಾರದ ಒಂದು ಉರುಳೆಯೂ ಅದಕ್ಕೆ ಸುತ್ತಿದ ಕೂದಲೆಳೆಯಂತಹ ಸರಪಣಿಯೂ ಇರುತ್ತಿದ್ದುವು. ಅಮೆರಿಕದವರು ಅದನ್ನು ಬಿಟ್ಟು, ಸ್ಪ್ರಿಂಗಿನ ಡಬ್ಬಿಯಿಂದಲೇ ಚಕ್ರಗಳು ನಡೆಯುವಂತೆ ಮಾಡಿದರು. 1850ರಲ್ಲಿ ಆರನ್ ಡೆನಿಸನ್, ಎಡ್ವರ್ಡ್ ಹೋವರ್ಡ್ ಮೊದಲಾದವರು ರಾಕ್ಸ್‌ಬರಿ ಎಂಬಲ್ಲಿ ಹೊಸ ಸಾಹಸವೊಂದನ್ನು ಆರಂಭಿಸಿದರು. ಬಂದೂಕಿನ ಕಾರ್ಖಾನೆಗಳಲ್ಲಿ ಒಂದರ ಭಾಗವು ಇನ್ನೊಂದಕ್ಕೆ ಹೊಂದುವಂತೆ ಯಂತ್ರದಿಂದ ಮಾಡುತ್ತಿದ್ದರಷ್ಟೆ. ಗಡಿಯಾರವನ್ನೂ ಹಾಗೆಯೇ ಮಾಡಬೇಕೆಂಬುದು ಅವರ ಹಂಬಲ. 1854ರಲ್ಲಿ ಕಾರ್ಖಾನೆಯು ವಾಲ್ಥಮ್ ಊರಿಗೆ ಹೋಯಿತು; 1857ರಲ್ಲಿ ದಿವಾಳಿಯಾಯಿತು. ರಾಯಲ್ ರಾಬಿನ್ಸ್ ಎಂಬ ವರ್ತಕನು ಅದನ್ನು ಕೊಂಡು ನಿಲ್ಲಿಸಿದನು. 1859ರಿಂದ ಅದಕ್ಕೆ ಅಮೆರಿಕನ್ ವಾಚ್ ಕಂಪೆನಿಯೆಂದು ಹೆಸರು. 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೆ ಹೋಗಿದ್ದ ಸ್ವಿಸ್ ಪ್ರತಿನಿಧಿ ಫಾವ್ರ್ ಪೆರೆಯು ಈ ಗಡಿಯಾರಗಳ ನಡೆಯನ್ನು ನೋಡಿ, ಊರಿಗೆ ಮರಳಿ ತನ್ನವರನ್ನು ಎಚ್ಚರಿಸಿದನು.

ಮೂರನೆಯದಾದ ಶಬ್ದಪ್ರಮಾಣದಲ್ಲಿಯೇ ಮೋಸಹೋಗುವ ಸಂಭವ ಹೆಚ್ಚು. ಯಂತ್ರದ ಮೇಲೆ ಕೆತ್ತಿದ್ದ ಮಾತುಗಳು ಮೂರೇ: ವಿಲಿಯಂ ಎಲರಿ, ವಾಲ್ಥಮ್, ಒಂದು ಸಂಖ್ಯೆ. ಎಲರಿಯೆಂಬವನು ತಮ್ಮ ವಂಶದ ಬಂಧುವಾಗಿರಬೇಕೆಂದು ಆ ಮನೆಯವರು ತಿಳಿದಿದ್ದರು. ಅವನು ಬಂಧುವೂ ಅಲ್ಲ, ಗಡಿಯಾರ ಮಾಡಿದವನೂ ಅಲ್ಲ. 1776ರ ಸ್ವಾತಂತ್ರ್ಯಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನು. ಅವನ ಹೆಸರನ್ನು ಕಾರ್ಖಾನೆಯು ತನ್ನ ಒಂದು ದರ್ಜೆಗೆ ಇಟ್ಟುಕೊಂಡಿತು. ಎಲ್ಜಿನ್ ಊರಿನ ಕಾರ್ಖಾನೆಯು 1867ರಲ್ಲಿ ಹೊರಡಿಸಿದ ಮೊದಲನೆಯ ಗಡಿಯಾರಕ್ಕೂ ತನ್ನ ಅಧ್ಯಕ್ಷನಾದ ರೇಮಂಡನ ಹೆಸರನ್ನೇ ಇಟ್ಟಿತು. ಹೆಸರನ್ನು ಅಕ್ಷರ ಅಕ್ಷರವಾಗಿ ಓದಬೇಕು. ಏಕೆಂದರೆ ಈ ಹೆಸರುಗಳನ್ನು ಹೋಲುವಂತೆ ಕೆತ್ತಿದ ಸ್ವಿಸ್ ನಕಲುಗಳೂ ಉಂಟು.

ಇನ್ನು ಸಂಖ್ಯೆಯ ವಿಚಾರ. ಮನೆಯವರು ಕಾಪಾಡಿದ್ದ ಚೀಟಿಯಲ್ಲಿ ಎಪ್ಪತ್ತು ಸಾವಿರ ಚಿಲ್ಲರೆಯ ಸಂಖ್ಯೆಯಿತ್ತು. ಅದನ್ನು ಕಾರ್ಖಾನೆಯ ಸಂಖ್ಯೆಗಳ ಪಟ್ಟಿಯಲ್ಲಿ ನೋಡಿದರೆ 1863 ಎಂದು ಬರುವುದು. ಯುದ್ಧವು ನಡೆಯುತ್ತಿದ್ದ ಕಾಲ. ಅಬ್ರಹಾಂ ಲಿಂಕನ್ನರ ಬಳಿಯಿದ್ದ ಎಲರಿ ಗಡಿಯಾರದ ಸಂಖ್ಯೆ 67613 ಆದುದರಿಂದ, ಅದಕ್ಕೆ ಸಮೀಪದ ಸಂಖ್ಯೆ ತಮ್ಮದೆಂದು ಅವರಿಗೆ ಹೆಮ್ಮೆ. ಆದರೆ ಆ ಸಂಖ್ಯೆಯು ಕವಚದ್ದು! ಆಗಿನ ಕಾಲದಲ್ಲಿ ಗಿರಾಕಿಯು ಅಂಗಡಿಯಲ್ಲಿ ಯಂತ್ರವನ್ನು ಬೇರೆ, ಕವಚವನ್ನು ಬೇರೆ ಆರಿಸಿಕೊಳ್ಳುತ್ತಿದ್ದುದು ರೂಢಿ. ಕವಚ ಮಾಡಿದವನು ತನ್ನ ಲೆಕ್ಕಕ್ಕೆ ತನ್ನ ಸಂಖ್ಯೆಯನ್ನು ಒತ್ತುತ್ತಿದ್ದನು. ಓಲೆಯ ಕಟ್ಟಿಗೆ ಹಾಕಿದ ಹಲಗೆಯ ಮೇಲಿನ ಬರಹದಿಂದ ಒಳಗಿನ ಗ್ರಂಥದ ಕಾಲವನ್ನು ಹೇಳಲಾಗದಷ್ಟೆ, ಇದೂ ಹಾಗೆಯೇ. ಯಂತ್ರದ ಮೇಲಿನ ಸಂಖ್ಯೆಯನ್ನು ಓದಿ ಕಳುಹಿಸೆಂದು ಬರೆದೆನು. ಅದು ಐದು ಲಕ್ಷಕ್ಕೂ ಮೇಲ್ಪಟ್ಟಿತ್ತು. ಸಂಖ್ಯೆಗಳನ್ನು ಗುಂಪುಗುಂಪಾಗಿ ಹಂಚುತ್ತಿದ್ದುದರಿಂದ ಪಟ್ಟಿಯ ವರ್ಷದಲ್ಲಿ ಕೊಂಚ ಹಿಂದುಮುಂದಾಗಬಹುದು. ಆದರೂ 1870ರ ಆಸುಪಾಸಿನದೆಂಬುದರಲ್ಲಿ ಸಂದೇಹವಿಲ್ಲ. ಯುದ್ಧವು 1865ರಲ್ಲಿಯೇ ಮುಗಿದಿತ್ತು.

ಶಿಷ್ಯನು ಸಂಕಟಕ್ಕೆ ಬಿದ್ದನು. "ಆ ತಾಯಿಗೆ ಎಂಬತ್ತು ಕಳೆದಿದೆ. ಸುಳ್ಳೆಂದು ಹೇಳಿ ನೋಯಿಸಲೇ, ಸುಮ್ಮನಿರಲೇ?" ಎಂದು ಕೇಳಿದನು. ಸತ್ಯವನ್ನು ಹೇಳು, ಪ್ರಿಯವಾಗಿ ಹೇಳು, ಪ್ರಿಯವೆಂದು ಸುಳ್ಳನ್ನು ಹೇಳಬೇಡವೆಂದು ಹಿರಿಯರು ಕಲಿಸಿದುದನ್ನೇ ನಾನು ಬರೆದೆನು. "ಪ್ರಮಾಣವು ಎಷ್ಟನ್ನು ಹೇಳುವುದೋ ಅಷ್ಟನ್ನೇ ಹೇಳು. ಈ ಯಂತ್ರವು ಯುದ್ಧದಲ್ಲಿರಲಿಲ್ಲ, ಇಷ್ಟೇ ಸಿದ್ಧವಾದುದು. ಮುತ್ತಜ್ಜನು ಯುದ್ಧದಲ್ಲಿದ್ದನೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ವಾಷಿಂಗ್‌ಟನ್ನಿನ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ಸೈನಿಕರ ಪತ್ರಗಳಿವೆ, ಅಲ್ಲಿ ಹುಡುಕು. ಮೊಮ್ಮಗನ ಕೈಗೆ ಹೋಗುವ ಬರಹದಲ್ಲಿ ತಪ್ಪು ನಿಂತರೆ ಅದನ್ನು ಮುಂದೆ ತಿದ್ದುವವರಾರು?"

ಹೋದ ವಾರ ಉತ್ತರ ಬಂದಿತು. ಎಲ್ಲವನ್ನೂ ಕೇಳಿ ಆ ತಾಯಿ ಸ್ವಲ್ಪ ಹೊತ್ತು ಮೌನವಾಗಿದ್ದು, "ಹಾಗಾದರೆ ಅವರು ಬದುಕಿ ಮನೆಗೆ ಬಂದು, ದುಡಿದು ಕೊಂಡ ಗಡಿಯಾರವಿದು. ಹಾಗೆಯೇ ಬರೆ" ಎಂದರಂತೆ. 'ಕೊಂಡಿರಬಹುದು' ಎಂದು ಬರೆದೆನೆಂದು ಶಿಷ್ಯನು ತಿಳಿಸಿರುವನು. ಆ ಒಂದು ಪದಕ್ಕಾಗಿ ಅವನನ್ನು ಮನಸ್ಸಿನಲ್ಲಿಯೇ ಹರಸಿದೆನು.

ಮನೆಯಲ್ಲಿ ಇಂತಹ ಗಡಿಯಾರವಿದ್ದವರು ನಾಲ್ಕು ಮಾತುಗಳನ್ನು ನೆನಪಿನಲ್ಲಿಡಬೇಕು. ಚಾವಿಯು ಮೊಳೆಗೆ ಬಿಗಿಯಾಗಿ ಹೊಂದಬೇಕು. ದೊಡ್ಡದಾದರೆ ಮೊಳೆಯ ಮೂಲೆಗಳು ಸವೆದುಹೋಗುವುವು. ಒಂದು ಕಡೆಗೆ ತಿರುಗದಿದ್ದರೆ ಬಲವನ್ನು ಪ್ರಯೋಗಿಸಕೂಡದು. ಎಡಕ್ಕೆ ತಿರುಗುವವೂ ಉಂಟು. ಎಣ್ಣೆ ಒಣಗಿದ ಯಂತ್ರವನ್ನು ಬಲ್ಲ ಕೆಲಸಗಾರನು ಶುದ್ಧಿಮಾಡುವವರೆಗೆ ನಡೆಸಬಾರದು. ಬೆಳ್ಳಿಯ ಆಸೆಗೆ ಕವಚವನ್ನು ಯಂತ್ರದಿಂದ ಅಗಲಿಸಬಾರದು. ಅಗಲಿಸಲೇಬೇಕಾದರೆ ಎರಡರ ಸಂಖ್ಯೆಗಳನ್ನೂ ಬರೆದಿಡಿರಿ, ಯಾವುದು ಯಾವುದರದೆಂಬುದನ್ನೂ ಬರೆದಿಡಿರಿ.