ಪಾಯಿಂಟ್ಸ್ ಕಾಲಮ್ ಒಂದೇ ಸಾಕಾ?

ಈ ಸಲ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಪಟ್ಟಿ ಹಾಕಿದಾಗ ಒಬ್ಬ ಹುಡುಗನ ಹೆಸರು ಅದರಲ್ಲಿ ಇರಲಿಲ್ಲ. ಹೋದ ವರ್ಷ ಎಲ್ಲಾ ಪಂದ್ಯಗಳಲ್ಲೂ ಆಡಿದವನು. ಯಾಕೆ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ, "ಅವನು ಸ್ಕೋರ್ ಮಾಡಲ್ವಲ್ಲ!" ನಿಜ, ಅವನು ಸ್ಕೋರ್ ಮಾಡುವುದು ಕಮ್ಮಿ. ಆದರೆ ಎದುರಾಳಿ ತಂಡದ ಎತ್ತರದ ಆಟಗಾರನನ್ನು ಬ್ಯಾಸ್ಕೆಟ್ ಹತ್ತಿರ ಸುಳಿಯದಂತೆ ತಡೆಯುತ್ತಿದ್ದವನು ಅವನೇ. ರೀಬೌಂಡ್ ಹಿಡಿದು ಬೇರೆಯವರಿಗೆ ಪಾಸ್ ಕೊಡುತ್ತಿದ್ದವನೂ ಅವನೇ. ಈ ಕೆಲಸಗಳಿಗೆ ನಮ್ಮ ಸ್ಕೋರ್ ಶೀಟ್‌ನಲ್ಲಿ ಜಾಗವೇ ಇಲ್ಲ. ಅದರಲ್ಲಿ ಬರೆಯುವುದು ಪಾಯಿಂಟ್ ಮತ್ತು ಫೌಲ್, ಅಷ್ಟೇ.

ಅಂಕಿಅಂಶ ಬೇಡ ಅಂತ ನಾವು ಹೇಳುತ್ತಿಲ್ಲ. ಇಂಜಿನಿಯರಿಂಗ್ ಓದುವವರು ಹಾಗಂದರೆ ಜನ ನಗುತ್ತಾರೆ. ಅರ್ಧ ಲೆಕ್ಕ ಬರೆದಿಟ್ಟು ಅದನ್ನೇ ಪೂರ್ತಿ ಲೆಕ್ಕ ಅಂತ ನಂಬಬೇಡಿ ಅನ್ನುವುದಷ್ಟೇ ನಮ್ಮ ಮಾತು. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿದೆ.

2018ರ ಮಾರ್ಚ್ 16, ಷಾರ್ಲಟ್ ನಗರ. ಎನ್‌ಸಿಎಎ ಟೂರ್ನಿಯಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಎದುರಾಳಿ ಯುಎಂಬಿಸಿ, ಅಂದರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಕ್ಯಾಂಪಸ್. ವರ್ಜೀನಿಯಾಗೆ ಇಡೀ ಟೂರ್ನಿಯಲ್ಲೇ ಮೊದಲ ಶ್ರೇಯಾಂಕ, ಯುಎಂಬಿಸಿಗೆ ತನ್ನ ವಿಭಾಗದ ಕೊನೆಯ, 16ನೇ ಶ್ರೇಯಾಂಕ. ಅಲ್ಲಿಯವರೆಗೆ ಪುರುಷರ ಟೂರ್ನಿಯಲ್ಲಿ 1 ಮತ್ತು 16ನೇ ಶ್ರೇಯಾಂಕದ ತಂಡಗಳು 135 ಸಲ ಎದುರಾಗಿದ್ದವು. 135 ಸಲವೂ ಗೆದ್ದದ್ದು 1ನೇ ಶ್ರೇಯಾಂಕದ ತಂಡವೇ. ಸಾಲದ್ದಕ್ಕೆ ಅದೇ ಜನವರಿಯಲ್ಲಿ ಯುಎಂಬಿಸಿ ಆಲ್ಬನಿ ತಂಡದ ಕೈಲಿ 44 ಪಾಯಿಂಟ್‌ಗಳಿಂದ ಸೋತಿತ್ತು.

ಅವತ್ತು ಯುಎಂಬಿಸಿ 74-54ರಿಂದ ಗೆದ್ದಿತು! ಜೈರಸ್ ಲೈಲ್ಸ್ ಒಬ್ಬನೇ 28 ಪಾಯಿಂಟ್ ಹೊಡೆದ. ನಮ್ಮ ಶೀಟ್‌ನಲ್ಲಾಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು: "ಲೈಲ್ಸ್ ಗೆಲ್ಲಿಸಿದ."

ಪಕ್ಕದ ಕಾಲಮ್ ನೋಡಿ. ಯುಎಂಬಿಸಿ ಮೂರು ಪಾಯಿಂಟ್ ಗೆರೆಯ ಆಚೆಯಿಂದ 24 ಸಲ ಎಸೆದು 12 ಹಾಕಿತು. ವರ್ಜೀನಿಯಾ 22 ಸಲ ಎಸೆದು 4 ಹಾಕಿತು. 36 ಪಾಯಿಂಟ್ ಎದುರು 12, ವ್ಯತ್ಯಾಸ 24. ಆದರೆ ಪಂದ್ಯದ ಅಂತರ 20 ತಾನೇ? ಅಂದರೆ ಮೂರು ಪಾಯಿಂಟ್ ಎಸೆತಗಳನ್ನು ಬದಿಗಿಟ್ಟರೆ, ಉಳಿದ ಆಟದಲ್ಲಿ ವರ್ಜೀನಿಯಾವೇ 42-38ರಿಂದ ಮುಂದಿತ್ತು. ಅರ್ಧ ನಿಮಿಷದ ಕೂಡುಕಳೆ, ಪಂದ್ಯದ ಮುಖವೇ ಬೇರೆಯಾಯಿತು.

ಹಾಗಾದರೆ ಎಲ್ಲಾ ಅದೃಷ್ಟವಾ? ಅದೂ ಅಲ್ಲ. ವರ್ಜೀನಿಯಾ ಇನ್ನೂ 3 ಎಸೆತ ಹಾಕಿದ್ದರೂ 63ಕ್ಕೆ ನಿಲ್ಲುತ್ತಿತ್ತು, ಸೋಲು ತಪ್ಪುತ್ತಿರಲಿಲ್ಲ. ಮೊದಲರ್ಧ ಮುಗಿದಾಗ ಸ್ಕೋರ್ 21-21. ಎರಡನೇ ಅರ್ಧದ 20 ನಿಮಿಷದಲ್ಲೇ ಯುಎಂಬಿಸಿ 53 ಪಾಯಿಂಟ್ ಗಳಿಸಿತು. ಆ ಸೀಸನ್‌ನಲ್ಲಿ ವರ್ಜೀನಿಯಾ ಪೂರ್ತಿ 40 ನಿಮಿಷದ ಆಟಕ್ಕೆ ಬಿಟ್ಟುಕೊಡುತ್ತಿದ್ದದ್ದು ಸರಾಸರಿ 54ರ ಆಸುಪಾಸು. ದೇಶದಲ್ಲೇ ಗಟ್ಟಿ ಅನ್ನಿಸಿಕೊಂಡ ಡಿಫೆನ್ಸ್ ಒಡೆದು ಹೋಗಿತ್ತು. ಇದು ಗೊತ್ತಾಗುವುದು ಅರ್ಧಗಳ ಲೆಕ್ಕ ಬೇರೆಬೇರೆ ಬರೆದಿಟ್ಟಿದ್ದರಿಂದ.

ಇಷ್ಟೆಲ್ಲಾ ಬರೆದರೂ ಆ ಶೀಟ್‌ನಲ್ಲಿ ಕಾಣದ್ದು ಒಂದಿದೆ. ವರ್ಜೀನಿಯಾದ ಡಿಆಂಡ್ರೆ ಹಂಟರ್ ಮಣಿಕಟ್ಟಿನ ಮೂಳೆ ಮುರಿದು ಅವತ್ತು ಹೊರಗೆ ಕೂತಿದ್ದ. ಆಡದವನ ಮುಂದೆ ಯಾವ ಅಂಕಿ ಬರೆಯೋದು? ಮರುವರ್ಷ, 2019ರ ಫೈನಲ್‌ನಲ್ಲಿ ವರ್ಜೀನಿಯಾ ಹೆಚ್ಚುವರಿ ಅವಧಿಯಲ್ಲಿ ಟೆಕ್ಸಸ್ ಟೆಕ್ ತಂಡವನ್ನು 85-77ರಿಂದ ಸೋಲಿಸಿ ಚಾಂಪಿಯನ್ ಆಯಿತು. ಹಂಟರ್ 27 ಪಾಯಿಂಟ್ ಗಳಿಸಿದ. ಕೋಚ್ ಅದೇ ಟೋನಿ ಬೆನೆಟ್. ಇನ್ನು ಯುಎಂಬಿಸಿ? ಆ ದೊಡ್ಡ ಗೆಲುವಾದ ಎರಡೇ ದಿನಕ್ಕೆ ಕಾನ್ಸಸ್ ಸ್ಟೇಟ್ ಎದುರು ಬರೀ 43 ಪಾಯಿಂಟ್ ಗಳಿಸಿ ಸೋತಿತು. ಒಂದು ಸಂಜೆಯ ಶೀಟ್ ಆ ಸಂಜೆಯ ಕಥೆ ಹೇಳುತ್ತದೆ, ತಂಡದ ಹಣೆಬರಹ ಅಲ್ಲ.

ಬರೆಯದೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಅಲ್ಲೇ ಇದೆ. ಬಿಲ್ ರಸೆಲ್ ಆಡಿದ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ 1955 ಮತ್ತು 1956ರಲ್ಲಿ ಚಾಂಪಿಯನ್ ಆಯಿತು. ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ಬ್ಲಾಕ್ ಮಾಡುವುದರಲ್ಲಿ ಅವನದು ದೊಡ್ಡ ಹೆಸರು. ಆದರೆ ಎನ್‌ಸಿಎಎ ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1985-86ರ ಸೀಸನ್‌ನಲ್ಲಿ. ಹಾಗಾಗಿ ದಾಖಲೆಗಳ ಪಟ್ಟಿಯಲ್ಲಿ ರಸೆಲ್‌ನ ಬ್ಲಾಕ್‌ಗಳಿಗೆ ಜಾಗ ಇಲ್ಲ. ಅವನೇನೋ ರಸೆಲ್, ಪಟ್ಟಿ ಇಲ್ಲದಿದ್ದರೂ ಜನ ನೆನಪಿಟ್ಟರು. ನಮ್ಮ ಹುಡುಗನನ್ನು ಯಾರು ನೆನಪಿಡ್ತಾರೆ?

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ಪಂದ್ಯಕ್ಕೂ ಅಂಕಣದ ಪಕ್ಕ ಇಬ್ಬರು ಕೂರಲಿ. ಒಬ್ಬರು ಆಟ ನೋಡಿ ಹೇಳಲಿ, ಇನ್ನೊಬ್ಬರು ಮೊಬೈಲ್‌ನ ಸ್ಪ್ರೆಡ್‌ಶೀಟ್‌ನಲ್ಲಿ ತುಂಬಲಿ. ಎಸೆದದ್ದೆಷ್ಟು, ಹಾಕಿದ್ದೆಷ್ಟು, ರೀಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್, ಟರ್ನೋವರ್, ಆಡಿದ ನಿಮಿಷ. ಇನ್ನೊಂದು ಕಾಲಮ್ ಕೂಡ ಇರಲಿ: ಆ ಆಟಗಾರ ಅಂಕಣದಲ್ಲಿದ್ದಷ್ಟು ಹೊತ್ತು ತಂಡ ಗಳಿಸಿದ್ದೆಷ್ಟು, ಬಿಟ್ಟುಕೊಟ್ಟದ್ದೆಷ್ಟು. ಒಂದೇ ಪಂದ್ಯದಲ್ಲಿ ಈ ಅಂಕಿಯೂ ಮೋಸ ಮಾಡಬಹುದು, ಹತ್ತು ಪಂದ್ಯ ಸೇರಿದರೆ ಮಾತಾಡಲು ಶುರು ಮಾಡುತ್ತದೆ. ಬರೆಯುವವರು ಸಿಗಲ್ಲ ಅನ್ನಬೇಡಿ, ನಮ್ಮ ಸಂಘದಿಂದಲೇ ಇಬ್ಬರು ಬಂದು ಕೂರುತ್ತೇವೆ.

ಆ ಹುಡುಗನನ್ನು ತಂಡಕ್ಕೆ ತಗೊಳ್ಳಲೇಬೇಕು ಅಂತ ನಾವು ಹಟ ಹಿಡಿದಿಲ್ಲ. ಪೂರ್ತಿ ಲೆಕ್ಕ ಬರೆದು ನೋಡಿದ ಮೇಲೂ ಬೇಡ ಅನ್ನಿಸಿದರೆ ಬಿಡಿ, ಅವನೂ ಒಪ್ಪಿಕೊಳ್ಳುತ್ತಾನೆ. ಲೆಕ್ಕವನ್ನೇ ಬರೆಯದೆ "ಲೆಕ್ಕದಲ್ಲಿ ನೀನಿಲ್ಲ" ಅಂದರೆ ಹೇಗೆ ಒಪ್ಪುವುದು? ಅವನು ಈಗಲೂ ಸಂಜೆ ಐದಕ್ಕೆ ಪ್ರಾಕ್ಟೀಸಿಗೆ ಬರ್ತಾನೆ. ಒಂದು ದಿನ ಬಂದು ನೋಡಿ, ಪೆನ್ನು ಮರೀಬೇಡಿ.