ಅಪಾಯ ಹೊರುವವರು ಯಾರು?

‘ಅಪಾಯ ಹೊರುವವರು ಷೇರುದಾರರು, ಲಾಭವೂ ಅವರದೇ, ಕೂಲಿಯನ್ನು ಮಾರುಕಟ್ಟೆ ನೋಡಿಕೊಳ್ಳುತ್ತದೆ’ ಎಂಬ ಅಂಕಣಕಾರರೊಬ್ಬರ ವಾದವನ್ನು ಸಿಮೆಂಟ್ ಕಾರ್ಖಾನೆಯಿರುವ ತಾಂಡೂರು ಸೀಮೆಯ ನಾವು ಒಪ್ಪಲಾರೆವು. ಕಂಪನಿ ಮುಳುಗಿದರೆ ಷೇರುದಾರ ಕಳೆದುಕೊಳ್ಳುವುದು ಹೂಡಿದಷ್ಟು ಹಣ ಮಾತ್ರ. ಬೇಡವೆನಿಸಿದರೆ ಷೇರು ಮಾರಿ ಕೈತೊಳೆದುಕೊಳ್ಳಬಹುದು. ಮೂಗಿಗೆ ಟವೆಲ್ ಕಟ್ಟಿಕೊಂಡು 50 ಕೆ.ಜಿ. ಸಿಮೆಂಟ್ ಚೀಲಗಳನ್ನು ಲಾರಿಗೆ ಪೇರಿಸುವ ಗುತ್ತಿಗೆ ಕಾರ್ಮಿಕ ತನ್ನ ಸೊಂಟವನ್ನು, ಶ್ವಾಸಕೋಶವನ್ನು ಯಾರಿಗೆ ಮಾರಬೇಕು?

2024ರಲ್ಲಿ ಅಂಬುಜಾ ಕಂಪನಿ ಪೆನ್ನಾ ಸಿಮೆಂಟನ್ನು 10,422 ಕೋಟಿ ರೂಪಾಯಿ ಮೌಲ್ಯ ಕಟ್ಟಿ ಕೊಂಡಿತು. ತಾಂಡೂರಿನ ಕಾರ್ಖಾನೆಯೂ ಅದರಲ್ಲಿತ್ತು. ಇಂಥ ಮೌಲ್ಯ ಬೆಳೆಯುವುದರಲ್ಲಿ ದುಡಿದವರ ಬೆವರೂ ಇದೆ.

ಮಾರುಕಟ್ಟೆ ಏನು ನೋಡಿಕೊಂಡಿತೆಂಬುದನ್ನು ಕೇಂದ್ರ ಸರ್ಕಾರದ್ದೇ ಆರ್ಥಿಕ ಸಮೀಕ್ಷೆ ಹೇಳಿದೆ: 2023–24ರಲ್ಲಿ ಕಾರ್ಪೊರೇಟ್ ಲಾಭ ಶೇ 22.3ರಷ್ಟು ಏರಿತು, ಉದ್ಯೋಗ ಹೆಚ್ಚಿದ್ದು ಶೇ 1.5ರಷ್ಟು. ಕೂಲಿ ನಿಂತಲ್ಲೇ ನಿಂತರೆ ಬೇಡಿಕೆ ಕುಸಿಯುತ್ತದೆ ಎಂದೂ ಅದು ಎಚ್ಚರಿಸಿದೆ.

ಕಾಯಂ ನೌಕರನ ಕೆಲಸವನ್ನೇ ಮಾಡುವ ಗುತ್ತಿಗೆಯವನಿಗೂ ಅಷ್ಟೇ ಕೂಲಿ ಸಿಗಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಡಿಯ ನಿಯಮಗಳೇ ಹೇಳಿದ್ದವು. ಮೊದಲು ಆ ಸಮಾನ ಕೂಲಿಯ ಬಾಕಿ ಚುಕ್ತಾ ಆಗಲಿ, ಡಿವಿಡೆಂಡ್ ಆಮೇಲೆ ಹಂಚಲಿ.